ಮೀಟರ್ ಸೊನ್ನೆ ತೋರಿಸಿದಾಗ

ಮಾರ್ಚ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತ್ತು. ಇಂಥ ವರ್ಷ ಕೊಡಗಿನ ತೋಟದವರಿಗೆ ನಿದ್ದೆ ಇರುವುದಿಲ್ಲ. ಕೆರೆಗೆ ಮೋಟಾರ್ ಇಟ್ಟು ಹಗಲು ರಾತ್ರಿ ಸ್ಪ್ರಿಂಕ್ಲರ್ ಹೊಡೆಯುತ್ತಾರೆ. ಮೋಟಾರ್ ಒಂದು ದಿನ ನಿಂತರೂ ಬೆಳಿಗ್ಗೆ ಆರಕ್ಕೇ ನನ್ನ ಫೋನ್ ಬಡಿದುಕೊಳ್ಳುತ್ತದೆ.

ಆವತ್ತು ಕರೆದದ್ದು ಸುಂಟಿಕೊಪ್ಪದ ಹತ್ತಿರದ ಒಂದು ತೋಟದಿಂದ. 10 ಎಚ್‌ಪಿ ತ್ರೀ ಫೇಸ್ ಮೋಟಾರ್. ಸ್ವಲ್ಪ ಹೊತ್ತು ಓಡಿ ಟ್ರಿಪ್ ಆಗುತ್ತಿತ್ತು. ಮೋಟಾರಿನ ಡಬ್ಬಿ ಬಿಚ್ಚುವ ಮೊದಲು ತೋಟದ ರೈಟರನ್ನು (ಲೆಕ್ಕ ಬರೆಯುವವರು) ಕೇಳಿದೆ, "ಆಫ್ ಮಾಡಿದ್ದೀರಾ?"

"ಆಗಲೇ ಮಾಡಿದ್ದೇನೆ ಅಣ್ಣ."

ಆದರೂ ಮಲ್ಟಿಮೀಟರ್ ಇಟ್ಟೆ. ಮೊದಲ ಫೇಸ್‌ಗೂ ಎರಡನೆಯದಕ್ಕೂ ನಡುವೆ ಸೊನ್ನೆ. ಎರಡನೆಯದಕ್ಕೂ ಮೂರನೆಯದಕ್ಕೂ ಸೊನ್ನೆ. ಮೂರನೆಯದಕ್ಕೂ ಮೊದಲನೆಯದಕ್ಕೂ ಸೊನ್ನೆ. ಸ್ಪ್ಯಾನರ್ ಕೈಯಲ್ಲೇ ಇತ್ತು. ಆಮೇಲೆ ಮೀಟರಿನ ಕಪ್ಪು ಪ್ರೋಬನ್ನು (ಮುಟ್ಟಿಸಿ ಅಳೆಯುವ ಕಡ್ಡಿ) ಅರ್ಥಿಂಗ್ ತಂತಿಗೆ ಮುಟ್ಟಿಸಿ, ಕೆಂಪನ್ನು ಫೇಸ್ ವಯರ್ ಸೇರುವ ಒಂದೊಂದೇ ಬೋಲ್ಟಿಗೆ ಇಟ್ಟೆ. 238 ವೋಲ್ಟ್. ಮೂರರಲ್ಲೂ 238!

ಆಗಿದ್ದು ಇಷ್ಟು. ರೈಟರ್ 'ಆಫ್' ಎಂದದ್ದು ಸ್ಟಾರ್ಟರಿನ ಕೆಂಪು ಬಟನ್. ಮೇನ್ ಸ್ವಿಚ್ ಆನ್ ಆಗಿಯೇ ಇತ್ತು. ಓಲ್ಟೇಜ್ ಕಡಿಮೆ ಇದ್ದಾಗ ಸ್ಟಾರ್ಟರಿನೊಳಗೆ ಕರೆಂಟ್ ಜೋಡಿಸಿ ಬಿಡಿಸುವ ಕಾಂಟ್ಯಾಕ್ಟರ್ ಕಟಕಟ ಬಡಿದು, ಮೂರು ಕಾಂಟ್ಯಾಕ್ಟಿನಲ್ಲಿ ಒಂದು ಬೆಸೆದು ಅಂಟಿಕೊಂಡಿತ್ತು. ಒಂದೇ ಫೇಸ್ ಒಳಗೆ ಬಂದರೆ ಮೋಟಾರ್ ತಿರುಗುವುದಿಲ್ಲ, ಗುಂಯ್ ಅನ್ನುವುದೂ ಇಲ್ಲ. ಆದರೆ ಮೋಟಾರಿನೊಳಗಿನ ವೈಂಡಿಂಗ್ (ತಂತಿ ಸುರುಳಿ) ಮೂಲಕ ಆ ಒಂದು ಫೇಸ್ ಮೂರು ಬೋಲ್ಟಿಗೂ ಹರಡಿರುತ್ತದೆ. ಮೂರರಲ್ಲೂ ಒಂದೇ ವೋಲ್ಟೇಜ್. ಹಾಗಾಗಿ ಅವುಗಳ ನಡುವೆ ಅಳೆದರೆ ಸೊನ್ನೆ. ಮೀಟರ್ ಸುಳ್ಳು ಹೇಳಲಿಲ್ಲ. ನಾನು ಕೇಳಿದ ಪ್ರಶ್ನೆ ಅರ್ಧ ಆಗಿತ್ತು, ಅಷ್ಟೇ.

ಅದಕ್ಕೇ ತ್ರೀ ಫೇಸ್‌ನಲ್ಲಿ ನಾನು ಆರು ಸಲ ಅಳೆಯುತ್ತೇನೆ. ಫೇಸ್‌ಗಳ ನಡುವೆ ಮೂರು, ಅರ್ಥಿಂಗ್‌ಗೆ ಮೂರು. ಎಷ್ಟೇ ಅವಸರ ಇರಲಿ.

230 ಅಂತ ತೋರಿಸಿದರೆ ಯಾರೂ ಕೈ ಹಾಕುವುದಿಲ್ಲ. ಸೊನ್ನೆ ತೋರಿಸಿದರೆ ತಾನೇ ಹಾಕುವುದು? ಸೊನ್ನೆ ಬರಲು ಹತ್ತು ಕಾರಣ ಇರುತ್ತವೆ. ಕರೆಂಟ್ ಇಲ್ಲದಿರುವುದು ಅದರಲ್ಲಿ ಒಂದು ಮಾತ್ರ. ನಾಬ್ ಡಿಸಿಯಲ್ಲಿ ಬಿಟ್ಟು ಎಸಿ ಅಳೆದರೂ ಸೊನ್ನೆಯ ಆಸುಪಾಸೇ ಬರುತ್ತದೆ. ಇದು ತುಂಬ ಜನ ಮಾಡುವ ತಪ್ಪು. ಬೆಳಿಗ್ಗೆ ಯುಪಿಎಸ್ ಬ್ಯಾಟರಿ ನೋಡಿರುತ್ತೇವೆ, ಮಧ್ಯಾಹ್ನ ಅದೇ ನಾಬಿನಲ್ಲಿ ಪ್ಲಗ್ ಪಾಯಿಂಟಿಗೆ ಚುಚ್ಚುತ್ತೇವೆ.

ಇನ್ನೊಂದು ಕಾರಣ ಪ್ರೋಬಿನ ವಯರ್. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗೆ ತಾಮ್ರದ ಎಳೆ ಮುರಿದಿರುತ್ತದೆ. ಹೆಚ್ಚಾಗಿ ಹಿಡಿಯ ಬುಡದಲ್ಲಿ, ಇಲ್ಲವೇ ಜಾಕಿನ ಬುಡದಲ್ಲಿ. ಕೆಲಸಕ್ಕೆ ಹೊರಡುವ ಮೊದಲು ನಾನು 200 ಓಮ್ ರೇಂಜಿಗೆ ತಿರುಗಿಸಿ ಎರಡು ತುದಿ ಸೇರಿಸುತ್ತೇನೆ. 0.2ರಿಂದ 0.5 ಓಮ್ ಒಳಗೆ ಬರಬೇಕು. ಹಾಗೇ ಹಿಡಿದುಕೊಂಡು ವಯರನ್ನು ಆ ಕಡೆ ಈ ಕಡೆ ಬಗ್ಗಿಸುತ್ತೇನೆ. ಅಂಕಿ ಕುಣಿದರೆ ಆ ಪ್ರೋಬ್ ಕಸಕ್ಕೆ. ಇನ್ಸುಲೇಷನ್ ಟೇಪ್ ಸುತ್ತಿ ಬಳಸುವುದಿಲ್ಲ. ಬೀಪ್ ಸದ್ದನ್ನು ಮಾತ್ರ ನಂಬಿ ಕೂರಬೇಡಿ. ಎಷ್ಟೋ ಮೀಟರ್ 30, 50 ಓಮ್ ಇದ್ದರೂ ಬೀಪ್ ಅನ್ನುತ್ತವೆ.

ಇಷ್ಟೆಲ್ಲ ಆದ ಮೇಲೂ ಕ್ರಮ ಒಂದೇ. ಕರೆಂಟ್ ಇದೆ ಅಂತ ಗ್ಯಾರಂಟಿ ಇರುವ ಕಡೆ ಮೊದಲು ಅಳೆಯಬೇಕು. ಆಮೇಲೆ ಕೆಲಸದ ಜಾಗದಲ್ಲಿ. ತಿರುಗಿ ಹೋಗಿ ಮೊದಲಿನ ಕಡೆಯೇ ಇನ್ನೊಮ್ಮೆ. ಈ ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ಮಧ್ಯದಲ್ಲೇ ಮೀಟರ್ ಕೆಟ್ಟಿದ್ದರೆ ಗೊತ್ತಾಗುವುದು ಅಲ್ಲಿಯೇ.

ಉಲ್ಟಾ ಮೋಸವೂ ಉಂಟು. ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಹೋಗುವ ಉದ್ದ ವಯರಿನಲ್ಲಿ ಕರೆಂಟ್ ಇರುವುದಿಲ್ಲ, ಮೀಟರ್ ಮಾತ್ರ 90 ವೋಲ್ಟ್ ತೋರಿಸುತ್ತದೆ. ನಾವು ಇದಕ್ಕೆ ದೆವ್ವದ ಓಲ್ಟೇಜ್ ಅನ್ನುತ್ತೇವೆ. ಪಕ್ಕದಲ್ಲೇ ಹರಿಯುವ ಜೀವಂತ ವಯರಿನಿಂದ ಸತ್ತ ವಯರಿಗೆ ಒಂದಿಷ್ಟು ಹಾರಿ ಬಂದಿರುತ್ತದೆ. ಡಿಜಿಟಲ್ ಮೀಟರಿನ ಒಳಗಿನ ತಡೆ ಸಾಮಾನ್ಯವಾಗಿ 10 ಮೆಗಾ ಓಮ್. ಹಾಗಾಗಿ ಆ ಚೂರು ಕರೆಂಟನ್ನೂ ಅದು ಹಿಡಿದು ತೋರಿಸುತ್ತದೆ. ಆ ವಯರಿಗೆ ಒಂದು ಬಲ್ಬ್ ಸೇರಿಸಿದರೆ ದೆವ್ವ ಓಡಿಹೋಗುತ್ತದೆ. ನನ್ನ ಚೀಲದಲ್ಲಿ ಈಗಲೂ ಟೆಸ್ಟ್ ಲ್ಯಾಂಪ್ ಇದೆ. ಎರಡು ಬಲ್ಬ್ ಸೀರೀಸ್‌ನಲ್ಲಿ ಹಾಕಿದ್ದೇನೆ, ಎರಡು ಫೇಸ್ ನಡುವಿನ 415 ವೋಲ್ಟಿಗೆ ಸಿಕ್ಕಿದರೂ ಸಿಡಿಯಬಾರದು ಅಂತ. ಆದರೆ 90 ಕಂಡ ತಕ್ಷಣ ದೆವ್ವವೇ ಅಂತ ತಿಳಿದುಕೊಳ್ಳುವುದು ದಡ್ಡತನ. ಬಲ್ಬ್ ಹೇಳಲಿ.

ಈಗ ನನ್ನ ಮರ್ಯಾದೆ ಹೋದ ಕಥೆ. ಕೆಲಸ ಶುರು ಮಾಡಿದ ಹೊಸತು. ಕೈಯಲ್ಲಿ ಇದ್ದದ್ದು ಅಗ್ಗದ ಹಳದಿ ಮೀಟರ್. ಒಬ್ಬರ ಮನೆಯಲ್ಲಿ ಬ್ಯಾಟರಿ ಚಾರ್ಜಿಂಗ್ ಕರೆಂಟ್ ನೋಡಲು ಕೆಂಪು ವಯರನ್ನು 10 ಆಂಪ್ ತೂತಿಗೆ ಹಾಕಿದೆ. ಕಾಫಿ ಕೊಟ್ಟರು, ಕುಡಿದೆ. ಆಮೇಲೆ ಅಡುಗೆಮನೆಯ ಪ್ಲಗ್‌ನಲ್ಲಿ ಓಲ್ಟೇಜ್ ನೋಡಿ ಅಂದರು. ನಾಬ್ ತಿರುಗಿಸಿದೆ, ವಯರ್ ಬದಲಿಸಲಿಲ್ಲ. 10 ಆಂಪ್ ತೂತು ಅಂದರೆ ಒಳಗೆ ಒಂದು ದಪ್ಪ ತಂತಿಯ ತುಂಡು, ಅಷ್ಟೇ. ನಾಬ್ ಎಲ್ಲೇ ಇರಲಿ ಅದಕ್ಕೆ ಸಂಬಂಧವಿಲ್ಲ. ಫೇಸ್‌ಗೂ ನ್ಯೂಟ್ರಲ್‌ಗೂ ನೇರವಾಗಿ ಶಾರ್ಟ್ ಮಾಡಿದ ಹಾಗೆ. ಢಬ್ ಎಂದಿತು. ಪ್ರೋಬಿನ ತುದಿ ಕರಗಿ ಗುಂಡಗಾಯಿತು. ಇಡೀ ಮನೆ ಕತ್ತಲೆ. ಆ ಮನೆಯ ಅಜ್ಜಿ ಒಳಗಿನಿಂದ, "ನೋಡಲು ಬಂದವ ಸುಟ್ಟೇ ಹಾಕಿದನಾ?" ಎಂದರು. ಇವತ್ತಿಗೂ ಆ ದಾರಿಯಲ್ಲಿ ಹೋಗುವಾಗ ನೆನಪಾಗುತ್ತದೆ.

ಆ ತೂತಿನ ಪಕ್ಕದಲ್ಲೇ ಫ್ಯೂಸ್ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಓದಿರಲಿಲ್ಲ. ಈಗ ನನ್ನ ಮೀಟರಿನ ಆ ತೂತಿಗೆ ಟೇಪ್ ಅಂಟಿಸಿದ್ದೇನೆ. ಮೋಟಾರಿನ ಕರೆಂಟ್ ನೋಡಲು, ವಯರನ್ನು ಹೊರಗಿನಿಂದಲೇ ತಬ್ಬಿ ಅಳೆಯುವ ಕ್ಲ್ಯಾಂಪ್ ಮೀಟರ್ ಸಾಕು. ವಯರ್ ಬಿಚ್ಚುವ ತಾಪತ್ರಯವೂ ಇಲ್ಲ.

ಮೀಟರ್ ಕೊಳ್ಳುವಾಗ ಕ್ಯಾಟ್ ತ್ರೀ 600 ವೋಲ್ಟ್ ಅಂತ ಇರುವುದನ್ನೇ ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕ್ಯಾಟ್ ಅಂದರೆ ಮೀಟರಿನ ಸುರಕ್ಷತೆಯ ದರ್ಜೆ. ಪ್ಲಗ್ಗಿಗೆ ಹಾಕುವ ಸಾಮಾನಿಗೆ ಕ್ಯಾಟ್ ಟು ನಡೆಯುತ್ತದೆ. ಕರೆಂಟ್ ಹಂಚುವ ಡಿಬಿ ಬೋರ್ಡ್, ತ್ರೀ ಫೇಸ್ ಮೋಟಾರಿಗೆ ಕ್ಯಾಟ್ ತ್ರೀ ಬೇಕು. ಕಂಬದಿಂದ ಮನೆಗೆ ಬರುವ ಲೈನಿಗೆ ಕ್ಯಾಟ್ ಫೋರ್. "415 ಅಳೆಯಲು 600 ವೋಲ್ಟಿನ ಯಾವ ಮೀಟರಾದರೂ ಸಾಲದಾ?" ಅಂತ ಕೇಳುತ್ತಾರೆ. ವಿಷಯ 415ದು ಅಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ, ದೊಡ್ಡ ಮೋಟಾರ್ ಆಫ್ ಆಗುವಾಗ, ಲೈನಿನಲ್ಲಿ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಸಾವಿರಾರು ವೋಲ್ಟ್ ಹಾರಿ ಬರುತ್ತದೆ. ಕ್ಯಾಟ್ ತ್ರೀ 600 ಮೀಟರನ್ನು 6000 ವೋಲ್ಟಿನ ಅಂಥ ಹೊಡೆತ ಕೊಟ್ಟೇ ಪರೀಕ್ಷಿಸಿರಬೇಕು. ಪ್ರೋಬಿನ ಮೇಲೂ ಅದೇ ರೇಟಿಂಗ್ ಇರಬೇಕು. ಒಳ್ಳೆ ಮೀಟರಿಗೆ ಸಂತೆಯ ಪ್ರೋಬ್ ಹಾಕಿದರೆ ಏನು ಬಂತು?

ಹೊರಗೆ ಏನು ಬೇಕಾದರೂ ಅಚ್ಚು ಹಾಕಬಹುದು ಬಿಡಿ. ಒಳಗಿನ ಫ್ಯೂಸ್ ನೋಡಿದರೆ ಸತ್ಯ ಗೊತ್ತಾಗುತ್ತದೆ. ಗಾಜಿನ ಸಣ್ಣ ಫ್ಯೂಸ್ ಇದ್ದರೆ ದೊಡ್ಡ ಶಾರ್ಟಿನಲ್ಲಿ ಅದೇ ಸಿಡಿಯುತ್ತದೆ, ಒಳಗಿನ ಕಿಡಿ ಆರುವುದಿಲ್ಲ. ಪಿಂಗಾಣಿ ಕೊಳವೆಯೊಳಗೆ ಮರಳು ತುಂಬಿದ ಫ್ಯೂಸ್ ಇದ್ದರೆ ಮರಳು ಆ ಕಿಡಿಯನ್ನು ನುಂಗಿ ಆರಿಸುತ್ತದೆ. ಅದು ದುಬಾರಿ. ಹಾಗಾಗಿ ನನ್ನ ಬಳಿ ಬರುವ ಮೀಟರುಗಳಲ್ಲಿ ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಎಲ್ಲ ನೋಡಿದ್ದೇನೆ. ಅಂಥದ್ದನ್ನು ನಾನು ರಿಪೇರಿ ಮಾಡಿ ಕೊಡುವುದಿಲ್ಲ. ಅದೇ ಫ್ಯೂಸ್ ತನ್ನಿ, ಆಮೇಲೆ ನೋಡೋಣ ಅನ್ನುತ್ತೇನೆ.

ನನ್ನ ಮೇಜಿಗೆ ಬರುವ ಮೀಟರುಗಳು ಜಾಸ್ತಿ ಕೆಡುವುದು ಕರೆಂಟಿನಿಂದ ಅಲ್ಲ, ಮಳೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಮೀಟರ್ ಬಿಡುತ್ತದೆಯೇ? ಜುಲೈ-ಆಗಸ್ಟ್‌ನ ಕಕ್ಕಡ ಮಾಸದಲ್ಲಿ ಒಂದು ತಿಂಗಳು ಚೀಲದಲ್ಲೇ ಇಟ್ಟ ಮೀಟರ್ ತೆಗೆದರೆ ನಾಬ್ ತಿರುಗಿಸುವಾಗ ಅಂಕಿಗಳು ಕುಣಿಯುತ್ತವೆ. ನಾನು ಮೊದಲು ಪ್ರೋಬ್ ಎಲ್ಲ ಕಳಚಿ, ಅತಿ ದೊಡ್ಡ ಓಮ್ ರೇಂಜಿಗೆ ತಿರುಗಿಸುತ್ತೇನೆ. ತೂತುಗಳು ಖಾಲಿ ಇರುವಾಗ ಅಳತೆ ಮೀರಿದೆ ಅನ್ನುವ ಓಎಲ್ ಅಥವಾ ಎಡಗಡೆ ಒಂದೇ 1 ಬರಬೇಕು. 8 ಮೆಗಾ, 12 ಮೆಗಾ ಅಂತ ಏನಾದರೂ ಬಂದರೆ ಬೋರ್ಡಿನ ಮೇಲೆ ತೇವ ಕೂತಿದೆ ಅಂತಲೇ ಅರ್ಥ.

ಬಿಚ್ಚುವುದು ಕಷ್ಟವಲ್ಲ. ಪ್ರೋಬ್ ಕಳಚಿ, ಆಫ್ ಮಾಡಿ, ಬ್ಯಾಟರಿ ತೆಗೆದು ಸ್ಕ್ರೂ ಬಿಚ್ಚಿ. ನಾಬಿನ ಕೆಳಗೆ ಸಣ್ಣ ಸ್ಪ್ರಿಂಗ್, ಗುಂಡು ಇರುತ್ತವೆ. ಹಾರಿ ಹೋದರೆ ಸಿಗುವುದಿಲ್ಲ, ಅದಕ್ಕೆ ಬಿಳಿ ಪಂಚೆ ಹಾಸಿ ಕೂರುತ್ತೇನೆ. ಬೋರ್ಡಿನ ಮೇಲೆ ವೃತ್ತಾಕಾರವಾಗಿ ಹೊಳೆಯುವ ಪಟ್ಟಿಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತಗಿನ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುತ್ತೇನೆ. ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಪೆಟ್ರೋಲ್, ಥಿನ್ನರ್ ಬೇಡ, ಪ್ಲಾಸ್ಟಿಕ್ ತಿನ್ನುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎಣ್ಣೆ ಉಳಿದು ಧೂಳು ಅಂಟುತ್ತದೆ. ಸ್ಯಾಂಡ್ ಪೇಪರ್ ಅಂತೂ ಮುಟ್ಟಲೇಬೇಡಿ, ಒಳ್ಳೆ ಮೀಟರಿನಲ್ಲಿ ಆ ಪಟ್ಟಿಯ ಮೇಲೆ ಇರುವುದು ತೆಳ್ಳನೆಯ ಚಿನ್ನದ ಲೇಪ. ಒರೆಸಿದ ಮೇಲೆ ಬೆರಳಿನ ಬೆವರು ತಾಗಿಸಬಾರದು.

ಡಿಸ್ಪ್ಲೇಗೂ ಬೋರ್ಡಿಗೂ ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತದೆ, ಝೀಬ್ರಾ ಪಟ್ಟಿ ಅನ್ನುತ್ತಾರೆ. ಅದಕ್ಕೆ ಕೊಳೆ ಹಿಡಿದರೆ ಅಂಕಿಯ ಕೆಲವು ಗೆರೆ ಮೂಡುವುದಿಲ್ಲ. ಇದನ್ನು ಚಿಕ್ಕ ವಿಷಯ ಅಂದುಕೊಳ್ಳಬೇಡಿ. 8ರ ನಡುವಿನ ಗೆರೆ ಹೋದರೆ ಅದು 0 ಆಗುತ್ತದೆ! ಪಟ್ಟಿಯನ್ನೂ ಗಾಜಿನ ಅಂಚನ್ನೂ ಐಪಿಎಯಲ್ಲಿ ಒರೆಸಿ, ಸರಿಯಾಗಿ ಕೂರಿಸಿ ಸ್ಕ್ರೂ ಬಿಗಿಯಾಗಿಸಿದರೆ ಹೆಚ್ಚಿನವು ಸರಿಯಾಗುತ್ತವೆ.

ಬ್ಯಾಟರಿ ಸೋರಿದ್ದು ಬೇರೆ ರಗಳೆ. ಆಲ್ಕಲೈನ್ ಬ್ಯಾಟರಿ ಸೋರಿದರೆ ಬಿಳಿ ಪುಡಿ ಕೂರುತ್ತದೆ, ಅದು ಕ್ಷಾರ. ಸ್ವಲ್ಪ ಹುಳಿ ಮುಟ್ಟಿಸಿದರೆ ಬಿಡುತ್ತದೆ. ಒಮ್ಮೆ ಮನೆಯಲ್ಲಿ ನಿಂಬೆಹಣ್ಣು ಇರಲಿಲ್ಲ ಅಂತ ಅಡುಗೆಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ ಹಚ್ಚಿದೆ. ಹುಳಿಯೇನೋ ಹುಳಿ, ಕೊಡಗಿನಲ್ಲಿ ಅದಕ್ಕಿಂತ ಹುಳಿ ಇಲ್ಲ. ಆದರೆ ಡಾಂಬರಿನಂತೆ ಕಪ್ಪಗೆ ಅಂಟಿಕೊಂಡಿತು. ಅದನ್ನು ಬಿಡಿಸಲು ಅರ್ಧ ದಿನ ಹೋಯಿತು. ಕಾಚಂಪುಳಿ ಪಂದಿಕರಿಗೇ ಇರಲಿ. ಹತ್ತಿಯ ಕಡ್ಡಿಯಲ್ಲಿ ಎರಡು ಹನಿ ನಿಂಬೆರಸ, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಐಪಿಎ, ಇಷ್ಟು ಸಾಕು. ಮೀಟರ್ ಬಳಸದ ತಿಂಗಳುಗಳಲ್ಲಿ ಬ್ಯಾಟರಿ ತೆಗೆದೇ ಇಡಿ. ಬ್ಯಾಟರಿ ಗುರುತು ಬಂದ ಮೇಲೂ ಎಳೆಯುತ್ತಾ ಹೋದರೆ ಅಗ್ಗದ ಮೀಟರ್ ಜಾಸ್ತಿ ಅಂಕಿ ತೋರಿಸಲು ಶುರು ಮಾಡುತ್ತದೆ. ಸಾಯುತ್ತಿರುವ ಯುಪಿಎಸ್ ಬ್ಯಾಟರಿಯನ್ನು ಚೆನ್ನಾಗಿದೆ ಅಂತ ಹೇಳಿ ಬಂದವನು ನಾನೇ.

ಆಯುಧ ಪೂಜೆ ಕಳೆದ ವಾರ ಎರಡು ಮೂರು ಮೀಟರ್ ಬಂದೇ ಬರುತ್ತವೆ. ಜಾಕಿನ ತೂತಿನೊಳಗೆ ಕುಂಕುಮ, ಗಂಧದ ನೀರು. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಹಿಂಭಾಗಕ್ಕೆ ಇಟ್ಟರೆ ದೇವರೇನೂ ಕೋಪಿಸಿಕೊಳ್ಳುವುದಿಲ್ಲ ಅಲ್ವಾ?

ನನ್ನ ಮೀಟರ್ ಮಳೆಗಾಲದಲ್ಲಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರುತ್ತದೆ. ಜೆಲ್ ಬಣ್ಣ ಬದಲಾದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ತಿರುಗಿ ಹಾಕುತ್ತೇನೆ. ಆ ಬಾಣಲೆ ಅಡುಗೆಗೆ ಬೇಡ. ಒಲೆಯ ಮೇಲಿನ ಅಟ್ಟದಲ್ಲಿ ಇಡುವವರೂ ಇದ್ದಾರೆ. ತೇವ ಹೋಗುತ್ತದೆ, ಹೊಗೆಯ ಮಸಿ ಬರುತ್ತದೆ.

ಒಂದು ಮಾತು ಮಧ್ಯದಲ್ಲಿ ಮರೆತೆ. ಮಳೆ ಕಳೆದ ಮೇಲೆ ಮೋಟಾರ್ ಮೊದಲ ಸಲ ಹಾಕುವಾಗ ವೈಂಡಿಂಗ್ ಮೋಟಾರಿನ ಹೊರಕವಚಕ್ಕೆ ತಾಗಿದೆಯೇ ಅಂತ ಮಲ್ಟಿಮೀಟರಿನಲ್ಲಿ ನೋಡಿ ನಿಶ್ಚಿಂತೆಯಾಗಿರಬೇಡಿ. ಓಮ್ ನೋಡಲು ಅದು ಬಿಡುವುದು ಕೆಲವೇ ವೋಲ್ಟ್. ತೇವ ತಿಂದ ಇನ್ಸುಲೇಷನ್ ಇನ್ಸುಲೇಷನ್ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್ ತಿರುಗಿಸಿದಾಗಲೇ ಬಾಯಿ ಬಿಡುವುದು.

ಮೊನ್ನೆ ಒಬ್ಬರು ಒಂದು ಮೀಟರ್ ತಂದರು. ಒಳಗೆ ಬೋರ್ಡಿನ ತಾಮ್ರ ಆವಿಯಾಗಿ ಕಪ್ಪು ಗೆರೆ ಬಿದ್ದಿತ್ತು. ಆದರೂ ಆನ್ ಆಗುತ್ತಿತ್ತು, ಬ್ಯಾಟರಿ ಓಲ್ಟೇಜ್ ಸರಿಯಾಗಿಯೇ ತೋರಿಸುತ್ತಿತ್ತು. ಆ ಕರಿ ಇಂಗಾಲ. ದೊಡ್ಡ ಓಲ್ಟೇಜ್ ಸಿಕ್ಕಿದ ದಿನ ಅದೇ ದಾರಿ ಹಿಡಿದು ಶಾರ್ಟ್ ಆಗುತ್ತದೆ. ರಿಪೇರಿ ಆಗುವುದಿಲ್ಲ ಅಂದೆ.

"ಹೋಗಲಿ ಬಿಡಿ, ಮೊಮ್ಮಗನಿಗೆ ಆಟಕ್ಕೆ ಕೊಡುತ್ತೇನೆ" ಅಂದರು.

ಕೊಡಿ ಅಂದೆ. ಕೊಡುವ ಮೊದಲು ಪ್ರೋಬ್ ಎರಡನ್ನೂ ಕತ್ತರಿಸಿ, ಮೂರು ತೂತಿಗೂ ಎಂಸೀಲ್ ತುಂಬಿದೆ.