ಎರಡು ದನಿಯ ಹಾಡನ್ನು ಒಂದೇ ದನಿಯಲ್ಲಿ ಹಾಡಿದ್ದು

ಅಮೆರಿಕದ ಗೀತಕಾರ ಮತ್ತು ಗಾಯಕ ಎಲಿಯಟ್ ಸ್ಮಿತ್ ತೀರಿಕೊಂಡು 2023ರ ಅಕ್ಟೋಬರ್ 21ಕ್ಕೆ 20 ವರ್ಷ ತುಂಬುವುದರಲ್ಲಿತ್ತು. ಅವರು ಹದಿಹರೆಯದಲ್ಲಿ ಬಂದು ನೆಲೆಸಿದ, ತಮ್ಮ ಮೊದಲ ಆಲ್ಬಂಗಳನ್ನು ರೂಪಿಸಿದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನಾವು ಕೆಲವು ಹವ್ಯಾಸಿಗಳು ಸೇರಿ, ಅವರ 20 ಹಾಡುಗಳನ್ನು ತಲಾ ಒಂದರಂತೆ ಹಾಡಿ ಒಂದು ಕ್ಯಾಸೆಟ್ ತರುವುದೆಂದು ಆ ವರ್ಷದ ಬೇಸಿಗೆಯಲ್ಲಿ ನಿಶ್ಚಯಿಸಿದೆವು. ನನ್ನ ಪಾಲಿಗೆ ಬಂದದ್ದು 1997ರ 'ಈದರ್/ಆರ್' ಆಲ್ಬಮ್ಮಿನ 'ಬಿಟ್ವೀನ್ ದ ಬಾರ್ಸ್'. ಎರಡೂವರೆ ನಿಮಿಷವೂ ಇಲ್ಲದ ಆ ಹಾಡಿಗೆ ನಾನು ಹನ್ನೊಂದು ವಾರ ತೆಗೆದುಕೊಂಡೆ.

ನನ್ನ ಸಂಗೀತದ ಕಲಿಕೆ ಆರಂಭವಾದದ್ದು ಶಿವಮೊಗ್ಗದಲ್ಲಿ, ಸುಗಮ ಸಂಗೀತದ ತರಗತಿಯಲ್ಲಿ. ಅಲ್ಲಿ ಕವಿ ಒಬ್ಬರು, ರಾಗ ಸಂಯೋಜಕರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಒಂದೇ ಕವಿತೆಯನ್ನು ಹತ್ತಾರು ಕಂಠಗಳಲ್ಲಿ ಕೇಳಿಯೇ ನಾವು ಬೆಳೆದವರು. ಹಾಗಾಗಿ ಇನ್ನೊಬ್ಬರ ಹಾಡನ್ನು ಹಾಡುವುದಕ್ಕೆ 'ಕವರ್' ಎಂಬ ಬೇರೆ ಹೆಸರೇ ಬೇಕಾಗುತ್ತದೆ ಎಂಬುದು ನನಗೆ ಬಹುಕಾಲ ವಿಚಿತ್ರವಾಗಿ ತೋರುತ್ತಿತ್ತು. ಸ್ಮಿತ್ ಅವರ ಹಾಡನ್ನು ಕೈಗೆತ್ತಿಕೊಂಡ ಮೇಲೆ ಕಾರಣ ತಿಳಿಯಿತು. ಸಾಹಿತ್ಯ, ಧಾಟಿ, ಗಿಟಾರ್, ಕಂಠ, ಅನೇಕ ಕಡೆ ಧ್ವನಿಮುದ್ರಣವೂ ಅವರದೇ ಆಗಿರುವಾಗ ಹಾಡು ಎಲ್ಲಿ ಮುಗಿಯುತ್ತದೆ, ಅದನ್ನು ಹಾಡಿದ ಮನುಷ್ಯ ಎಲ್ಲಿ ಆರಂಭವಾಗುತ್ತಾರೆ ಎಂದು ಗೆರೆ ಎಳೆಯುವುದು ಕಷ್ಟ. ಆದರೆ ಆ ಗೆರೆಯನ್ನು ಎಳೆಯದೆ ನಾವು ಹಾಡಲು ಕೂರುವಂತಿಲ್ಲ.

ಮೊದಲ ಪ್ರಯತ್ನದಲ್ಲಿ ನಾನು ಗೆರೆಯನ್ನೇ ಎಳೆಯಲಿಲ್ಲ. ಸ್ಮಿತ್ ತಮ್ಮ ದನಿಯನ್ನು ಸಾಮಾನ್ಯವಾಗಿ ಎರಡು ಸಲ ಮುದ್ರಿಸುತ್ತಿದ್ದರು: ಒಂದು ಸಾಲನ್ನು ಒಮ್ಮೆ ಹಾಡಿ, ಅದನ್ನೇ ಕೇಳುತ್ತಾ ಮತ್ತೊಮ್ಮೆ ಹಾಡಿ, ಎರಡನ್ನೂ ಒಟ್ಟಿಗೆ ನುಡಿಸುವ ಕ್ರಮ ಅದು. ಉಸಿರಿನಲ್ಲಿ, ಅಕ್ಷರದ ತುದಿಯಲ್ಲಿ ಉಳಿಯುವ ಕೂದಲೆಳೆಯಷ್ಟು ವ್ಯತ್ಯಾಸದಿಂದಲೇ ಆ ಪಿಸುದನಿಗೆ ಮೈ ಬರುತ್ತದೆ. ನಾನೂ ಬಟ್ಟೆಯ ಕಪಾಟಿನೊಳಗೆ ಮೈಕ್ ಇಟ್ಟುಕೊಂಡು, ಅದೇ ರೀತಿ ಎರಡು ಬಾರಿ ಹಾಡಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಸರಿಸಿ ಕೇಳಿದೆ. ಕೇಳಲು ಹಿತವಾಗಿತ್ತು, ಆದರೆ ಅದು ಅಣಕು. ಮೂಲದ ನೆನಪಿದ್ದವರಿಗೆ ಮೂಲವೇ ಬೇಕೆನಿಸುತ್ತಿತ್ತು, ನೆನಪಿಲ್ಲದವರಿಗೆ ಈ ಅಕ್ಕ ಏಕೆ ಕಿವಿಯಲ್ಲಿ ಗುಟ್ಟು ಹೇಳುವಂತೆ ಹಾಡುತ್ತಿದ್ದಾರೆ ಎನಿಸುತ್ತಿತ್ತು.

ಎರಡನೆಯ ಪ್ರಯತ್ನ ಇನ್ನೊಂದು ಅತಿಗೆ ಹೋಯಿತು. ಹಾಡು ಮೂರು ಎಣಿಕೆಯ ನಡೆಯಲ್ಲಿದೆ. ನನ್ನ ಕೈ ಅದನ್ನು ತಾನಾಗಿಯೇ ದಾದರಾ ತಾಳಕ್ಕೆ ಹೊಂದಿಸಿಕೊಂಡಿತು. ಸ್ನೇಹಿತರೊಬ್ಬರು ತಬಲಾ ನುಡಿಸಿದರು, ಸಾಲಿನ ಕೊನೆಗಳಲ್ಲಿ ನಾನು ಧಾರಾಳವಾಗಿ ಗಮಕ ಹಾಕಿದೆ. ಮನೆಯವರಿಗೆಲ್ಲ ಬಹಳ ಹಿಡಿಸಿತು. ನನಗೆ ಹಿಡಿಸಲಿಲ್ಲ, ಏಕೆಂದರೆ ಈ ಹಾಡಿನಲ್ಲಿ ಮಾತನಾಡುತ್ತಿರುವುದು ಮದ್ಯವೇ ಎಂದು ನಾನು ಓದಿಕೊಂಡಿದ್ದೇನೆ. ಕುಡಿತವು ಕುಡಿಯುವವನನ್ನು ತಟ್ಟಿ ಮಲಗಿಸುತ್ತಿದೆ, ಅದೂ ಅತ್ಯಂತ ಪ್ರೀತಿಯಿಂದ. ಆ ಮಾತಿನಲ್ಲಿ ಅಲಂಕಾರ ಬಂದ ಕೂಡಲೇ ಕೇಳುಗರು ಎಚ್ಚರಗೊಳ್ಳುತ್ತಾರೆ, ಮೋಸ ಬಯಲಾಗುತ್ತದೆ.

ನಡುವೆ ಒಂದು ಚರಣವನ್ನು ಕನ್ನಡದಲ್ಲಿ ಹಾಡುವ ಆಸೆಯೂ ಬಂದಿತ್ತು. ಶೀರ್ಷಿಕೆಯ 'ಬಾರ್' ಎಂಬ ಪದವೇ ಮೊದಲು ಅಡ್ಡಬಂದಿತು: ಅದು ಹೆಂಡದಂಗಡಿಯೂ ಹೌದು, ಸೆರೆಮನೆಯ ಸರಳೂ ಹೌದು, ಸಂಗೀತದ ಲಿಪಿಯಲ್ಲಿ ತಾಳದ ಖಂಡವೂ ಹೌದು, ಕನ್ನಡದಲ್ಲಿ ಮೂರನ್ನೂ ಹೊರುವ ಒಂದು ಪದ ನನಗೆ ಸಿಗಲಿಲ್ಲ. ಎರಡನೆಯದಾಗಿ, ಕಾನೂನು. ಅಮೆರಿಕದಲ್ಲಿ ಒಮ್ಮೆ ಬಿಡುಗಡೆಯಾದ ಹಾಡನ್ನು, ನಿಗದಿತ ಶುಲ್ಕ ಕಟ್ಟಿ, ಯಾರು ಬೇಕಾದರೂ ಮತ್ತೆ ಹಾಡಿ ಮುದ್ರಿಸಬಹುದು, ಹಕ್ಕುದಾರರು ಬೇಡವೆನ್ನುವಂತಿಲ್ಲ. ಹಾಡುವವರು ತಮ್ಮ ಶೈಲಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದೇ ಹೊರತು ಮೂಲ ಧಾಟಿಯನ್ನಾಗಲಿ ಹಾಡಿನ ಸ್ವಭಾವವನ್ನಾಗಲಿ ಬದಲಿಸುವಂತಿಲ್ಲ, ಅನುವಾದಕ್ಕೆ ಪ್ರತ್ಯೇಕ ಅನುಮತಿ ಬೇಕು. 2023ರಲ್ಲಿ ಐದು ನಿಮಿಷದೊಳಗಿನ ಹಾಡಿಗೆ ಪ್ರತಿಯೊಂದಕ್ಕೆ 12 ಸೆಂಟ್ ದರವಿತ್ತು. ನಮ್ಮ 150 ಕ್ಯಾಸೆಟ್‌ಗಳಿಗೆ ನನ್ನ ಹಾಡಿನ ಬಾಬ್ತು 18 ಡಾಲರ್ ಕಟ್ಟಿದೆವು. ಕನ್ನಡದ ಚರಣ ನೋಟ್‌ಬುಕ್ಕಿನಲ್ಲೇ ಉಳಿಯಿತು.

ಆಮೇಲೆ ಬೇರೆಯವರು ಏನು ಮಾಡಿದ್ದಾರೆಂದು ಕೂತು ಕೇಳಿದೆ. ಮ್ಯಾಡಲಿನ್ ಪೆರೂ 2004ರಲ್ಲಿ ಇದೇ ಹಾಡನ್ನು ಜಾಝ್ ಕಡೆಗೆ ತಿರುಗಿಸಿದ್ದಾರೆ. 2015ರಲ್ಲಿ ಸೆತ್ ಏವೆಟ್ ಮತ್ತು ಜೆಸ್ಸಿಕಾ ಲೀ ಮೇಫೀಲ್ಡ್ ಜೊತೆಯಾಗಿ ಸ್ಮಿತ್ ಅವರ ಹಾಡುಗಳದೇ ಆಲ್ಬಂ ತಂದರು. 2016ರ 'ಸೇ ಯೆಸ್!' ಎಂಬ ಗೌರವ ಸಂಕಲನದಲ್ಲಿ ಜೂಲಿಯನ್ ಬೇಕರ್, ಜೆ. ಮ್ಯಾಸಿಸ್, ವ್ಯಾಕ್ಸಹ್ಯಾಚಿ ಮೊದಲಾದವರಿದ್ದು, ನನ್ನ ಪಾಲಿಗೆ ಬಂದ ಹಾಡನ್ನು ತಾನ್ಯಾ ಡಾನೆಲಿ ಹಾಡಿದ್ದಾರೆ. ಇಂಥ ಸಂಕಲನಗಳನ್ನೂ, ನಮ್ಮ ಬಳಗದ ಕರಡುಗಳನ್ನೂ ಕೇಳುತ್ತಾ ಹೋದಂತೆ ಒಂದು ಕಾಯಿಲೆ ಗೋಚರಿಸಿತು. 34ನೆಯ ವಯಸ್ಸಿನಲ್ಲಿ ಹೋದ ಗಾಯಕನೆಂಬುದು ಮನಸ್ಸಿನಲ್ಲಿದ್ದರೆ ಹಾಡುವವರು ತಮಗೆ ತಿಳಿಯದೆಯೇ ವೇಗ ತಗ್ಗಿಸುತ್ತಾರೆ, ಪ್ರತಿ ಸಾಲನ್ನೂ ಚರಮಗೀತೆಯಾಗಿಸುತ್ತಾರೆ. ನಮ್ಮ ಕರಡುಗಳಲ್ಲಿ ಹೆಚ್ಚಿನವು ಮೂಲಕ್ಕಿಂತ ನಿಧಾನವಾಗಿದ್ದವು. ನನ್ನದಂತೂ ಎಲ್ಲಕ್ಕಿಂತ ನಿಧಾನ. 1997ರಲ್ಲಿ ಆ ಹಾಡನ್ನು ಹಾಡಿದವರು ಬದುಕಿದ್ದರು, ಮುಂದಿನ ವರ್ಷ ಆಸ್ಕರ್ ವೇದಿಕೆಯಲ್ಲಿ ಬಿಳಿಯ ಸೂಟು ತೊಟ್ಟು ಇನ್ನೊಂದು ಹಾಡು ಹಾಡುವವರಿದ್ದರು ಎಂಬುದನ್ನು ನನಗೆ ನಾನೇ ನೆನಪಿಸಿಕೊಳ್ಳಬೇಕಾಯಿತು.

ಮೂರನೆಯ ಸಲ ಗಿಟಾರ್ ಮಾತ್ರ ಇಟ್ಟುಕೊಂಡೆ. ಸ್ಮಿತ್ ಅನೇಕ ಹಾಡುಗಳಿಗೆ ತಂತಿಗಳನ್ನು ಒಂದು ಪೂರ್ಣ ಸ್ವರದಷ್ಟು ಸಡಿಲಿಸಿ ಶ್ರುತಿ ಮಾಡುತ್ತಿದ್ದರು; ನನ್ನ ಹೆಣ್ಣುದನಿಗೆ ಅದು ಒಗ್ಗದೆ, ತಂತಿಗಳನ್ನು ಎಂದಿನಂತೆ ಬಿಗಿದು ಐದನೆಯ ಮನೆಗೆ ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಹಿಡಿಕೆ, ಹಾಕಿಕೊಂಡೆ. ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಸರಣಿಯನ್ನೂ, ಹೆಬ್ಬೆರಳು ಮಂದ್ರದ ತಂತಿಯಲ್ಲಿ ಕಾರ್ಡಿನಿಂದ ಕಾರ್ಡಿಗೆ ಹೆಜ್ಜೆ ಇಡುವ ರೀತಿಯನ್ನೂ ಒಂದಿಷ್ಟೂ ಬದಲಿಸಲಿಲ್ಲ. ನನ್ನ ಮಟ್ಟಿಗೆ ಹಾಡಿನ ಬೆನ್ನೆಲುಬು ಅಲ್ಲಿದೆ. ಬಿಟ್ಟದ್ದು ಎರಡನೆಯ ದನಿಯನ್ನು. ಪಿಸುಗುಟ್ಟುವುದನ್ನೂ ಬಿಟ್ಟು, ಅಡುಗೆಮನೆಯಲ್ಲಿ ಎದುರು ಕೂತವರಿಗೆ ಹೇಳುವಷ್ಟು ದನಿಯಲ್ಲಿ, ಗಮಕವಿಲ್ಲದೆ ಹಾಡಿದೆ. ಒಂಟಿ ದನಿಗೆ ಅಡಗಿಕೊಳ್ಳಲು ಜಾಗವಿಲ್ಲದ್ದರಿಂದ ಇಂಗ್ಲಿಷ್ ಉಚ್ಚಾರದಲ್ಲಿ ಶಿವಮೊಗ್ಗ ಕೇಳುತ್ತದೆ. ತಿದ್ದಲು ಎರಡು ದಿನ ಪ್ರಯತ್ನಿಸಿ, ಬಿಟ್ಟುಬಿಟ್ಟೆ.

ನಾನು ಕೊಟ್ಟದ್ದು 2 ನಿಮಿಷ 50 ಸೆಕೆಂಡಿನ ಪ್ರತಿ. ಕ್ಯಾಸೆಟ್ಟಿನ ಒಂದು ಬದಿಗೆ ಹಿಡಿಸುವುದು 30 ನಿಮಿಷ. ಎ ಬದಿ ಅರ್ಧ ನಿಮಿಷ ಮೀರುತ್ತಿದೆ, ಎಲ್ಲಾದರೂ ಕತ್ತರಿಸಬಹುದೇ ಎಂದು ಸಂಯೋಜಕರು ಕೇಳಿದರು. ಇದ್ದದ್ದು ಒಂದೇ ಜಾಗ: ಹಾಡಿಗೆ ಮುನ್ನುಡಿಯಂತೆ ನಾನೇ ಕಟ್ಟಿ ಸೇರಿಸಿದ್ದ, ಬಹಳ ಹೆಮ್ಮೆಪಟ್ಟಿದ್ದ ಗಿಟಾರಿನ ಆಲಾಪ. ಒಂದು ರಾತ್ರಿ ಗೊಣಗಿಕೊಂಡು ಅದನ್ನು ತೆಗೆದು ಕೇಳಿದೆ. ಈಗ ದನಿ ಬೇಗನೆ ಬರುತ್ತದೆ, ಮೂಲದಲ್ಲಿ ಬರುವ ಹಾಗೆಯೇ.