350 ರೂಪಾಯಿ ಶರ್ಟು, 70 ರೂಪಾಯಿ ಆಲ್ಟ್ರೇಷನ್ನು

ಬಟ್ಟೆ ತಗೊಂಡು ಶರ್ಟ್ ಹೊಲಿಸೋದನ್ನ ಬಿಟ್ಟು ಆರು ವರ್ಷ ಆಯಿತು. ಬಟ್ಟೆ, ಹೊಲಿಗೆ ಕೂಲಿ ಎಲ್ಲ ಸೇರಿ ಒಂದಕ್ಕೇ ಸಾವಿರದ ಹತ್ತಿರ ಹೋಗುತ್ತದೆ. ಹಾಗಾಗಿ ದಾವಣಗೆರೆ ಚೌಕಿಪೇಟೆಯ ರೆಡಿಮೇಡೇ ಗತಿ. ಆದರೆ ನಾನು ಸಣಕಲ, ಭುಜ ಮಾತ್ರ ಅಗಲ. ಭುಜಕ್ಕೆ ಸರಿಹೋದ ಶರ್ಟ್ ಸೊಂಟದ ಹತ್ತಿರ ಗಾಳಿ ತುಂಬಿದ ಚೀಲ, ಸೊಂಟಕ್ಕೆ ಸರಿಹೋದರೆ ಕೈ ಎತ್ತೋಕಾಗಲ್ಲ.

ಈಗ ಅಂಗಡಿಯಲ್ಲಿ ಮೊದಲು ಭುಜ ನೋಡುತ್ತೇನೆ. ತೋಳು ಸೇರಿಸಿದ ಹೊಲಿಗೆ ಭುಜದ ಮೂಳೆ ಮುಗಿಯುವ ಜಾಗಕ್ಕೇ ಬರಬೇಕು. ಅಲ್ಲಿಂದ ಕೆಳಗೆ ಜಾರಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬರುತ್ತೇನೆ, ಯಾಕೆಂದರೆ ಅದನ್ನು ಸರಿಮಾಡೋಕೆ ತೋಳು ಪೂರ್ತಿ ಬಿಚ್ಚಬೇಕು, ಆ ಕೂಲಿಗೆ ಇನ್ನೊಂದು ಶರ್ಟೇ ಬಂದೀತು. ಉಳಿದದ್ದು ದೊಡ್ಡದಿದ್ದರೆ ಚಿಂತೆ ಇಲ್ಲ, ಹೊಲಿಗೆ ಹಿಡಿಸಿ ಸಣ್ಣ ಮಾಡಿಸಬಹುದು. ಸಣ್ಣದಿದ್ದರೆ ಕಷ್ಟ. ರೆಡಿಮೇಡ್ ಶರ್ಟ್‌ನ ಪಕ್ಕದ ಹೊಲಿಗೆಯಲ್ಲಿ ಬಿಚ್ಚಿ ಬಿಡೋಷ್ಟು ಬಟ್ಟೆ ಇರೋದಿಲ್ಲ.

ಮೊದಲ ಶರ್ಟ್ ಕೆಡಿಸಿದ್ದು ನಾನೇ. ಮನೆಯಲ್ಲಿ ಅಮ್ಮನ ಹಳೇ ಮೆಷಿನ್ ಇದೆ, ಕಾಲಲ್ಲಿ ತುಳಿಯೋದು. ಎರಡೂ ಪಕ್ಕ ಒಂದೊಂದು ಇಂಚು ಚಿವುಟಿ ಗುಂಡುಪಿನ್ ಹಾಕಿದೆ, ಒಟ್ಟು ಎರಡಿಂಚು ಕಡಿಮೆ ಆಗುತ್ತದೆ ಅಂತ ನನ್ನ ಲೆಕ್ಕ. ಹೊಲಿದೆ, ಹೆಚ್ಚಾದ ಬಟ್ಟೆಯನ್ನೂ ಕತ್ತರಿಸಿ ಬಿಸಾಕಿದೆ. ಹಾಕಿಕೊಂಡರೆ ಗುಂಡಿಗಳ ನಡುವಿನಿಂದ ಬನಿಯನ್ ಇಣುಕುತ್ತಿದೆ! ಅಮ್ಮ ನಕ್ಕಳು. “ಒಂದಿಂಚು ಚಿವುಟಿದ್ರೆ ಮುಂದಿಂದು ಒಂದು, ಹಿಂದಿಂದು ಒಂದು ಹೋಗ್ತತಲ್ಲೋ. ಎರಡೂ ಕಡೆ ಸೇರಿ ನಾಲ್ಕು.” ಆ ಶರ್ಟ್ ಈಗ ಬೈಕ್ ಒರೆಸುತ್ತಿದೆ.

ಆಮೇಲೆ ಪೇಟೆಯಲ್ಲಿ ಕಟ್ಟೆ ಮೇಲೆ ಮೆಷಿನ್ ಇಟ್ಟುಕೊಂಡು ಬರೀ ಆಲ್ಟ್ರೇಷನ್ ಮಾಡುವ ಅಣ್ಣನೊಬ್ಬನನ್ನು ಹಿಡಿದೆ. ಪಕ್ಕ ಹಿಡಿದು, ಅರ್ಧ ತೋಳಿನ ಬಾಯಿ ಸಣ್ಣ ಮಾಡಿಕೊಡೋಕೆ 70 ರೂಪಾಯಿ. ಸೊಂಟದ ಹತ್ತಿರ ಹೆಚ್ಚು ಹಿಡಿದು, ಮೇಲೆ ಕಂಕುಳ ಕಡೆ ಹೋಗುತ್ತಾ ಹೊಲಿಗೆಯನ್ನು ಹಳೇ ಹೊಲಿಗೆಗೆ ಸೇರಿಸಿಬಿಡುತ್ತಾನೆ. ಅಲ್ಲೂ ಬಿಗಿ ಮಾಡಿದರೆ ಕೈ ಎತ್ತಿದಾಗ ಇಡೀ ಶರ್ಟ್ ಮೇಲೆ ಬರುತ್ತದಂತೆ. ತೋಳಿನ ಕೆಲಸ ಮಾತ್ರ ಯಾರೂ ಬಿಡಬೇಡಿ. ನಮ್ಮೂರ ಬಿಸಿಲಿಗೆ ವರ್ಷದಲ್ಲಿ ಜಾಸ್ತಿ ದಿನ ಅರ್ಧ ತೋಳೇ ಅಲ್ವಾ, ಆ ಕೊಡೆ ಬಿಚ್ಚಿದಂಥ ತೋಳಿನಿಂದಲೇ ಅರ್ಧ ಅಂದ ಹಾಳು.

ಒಂದು ಮಾತು, ಕಾಟನ್ ಆದರೆ ಆಲ್ಟ್ರೇಷನ್‌ಗೆ ಕೊಡೋ ಮುಂಚೆ ಒಮ್ಮೆ ಒಗೆದು ಒಣಗಿಸಿ. “ಕುಗ್ಗೋದೇ ಇಲ್ಲ ಸಾರ್” ಅಂತ ಅಂಗಡಿಯವರು ಎಷ್ಟೇ ಹೇಳಲಿ. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ಇದು, ನಮ್ಮಜ್ಜನೂ ಮಿಲ್ಲಿನಲ್ಲಿದ್ದವನೇ. ಮಗ್ಗದ ಮೇಲೆ ಎಳೆದು ಬಿಗಿದಿದ್ದ ನೂಲು ನೀರಿಗೆ ಬಿದ್ದ ಮೇಲೆ ಸಡಿಲಾಗಿ ಒಳಕ್ಕೆ ಸರಿಯುತ್ತದೆ ಅಂತ ಅವನು ಹೇಳುತ್ತಿದ್ದ. ನೀರು ಕಾಣದ ಬಟ್ಟೆಗೆ ಟೇಪ್ ಹಿಡಿಯೋಕೆ ಬಿಡುತ್ತಲೇ ಇರಲಿಲ್ಲ.

ಗುಂಡಿ ಬದಲಾಯಿಸೋದು ಮನೆಯಲ್ಲೇ ಆಗುವ ಕೆಲಸ. ಅಗ್ಗದ ಶರ್ಟ್‌ಗೆ ತೆಳ್ಳನೆ, ಮಿರಮಿರ ಹೊಳೆಯುವ ಪ್ಲಾಸ್ಟಿಕ್ ಗುಂಡಿ ಇರುತ್ತದೆ. ಅದನ್ನು ತೆಗೆದು ಸ್ವಲ್ಪ ದಪ್ಪನೆಯ, ಹೊಳಪಿಲ್ಲದ ಗುಂಡಿ ಹಾಕಿದರೆ ಶರ್ಟ್‌ನ ಮುಖವೇ ಬೇರೆ. ಕಾಜಾದಲ್ಲಿ ತೂರುತ್ತದಾ ಅಂತ ನೋಡಿ ತಗೊಳ್ಳಿ. ಹೊಲಿಯುವಾಗ ಗುಂಡಿ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ದಾರ ಅದರ ಮೇಲಿಂದ ಹಾಯಿಸಿ. ನಾಲ್ಕೈದು ಸಲ ಆದ ಮೇಲೆ ಕಡ್ಡಿ ಎಳೆದರೆ ದಾರ ಸಡಿಲ ಆಗುತ್ತದೆ. ಗುಂಡಿ ಮೇಲೆತ್ತಿ, ಅದರ ಕೆಳಗೆ ದಾರವನ್ನು ಮೂರು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿ. ಸಣ್ಣ ಕಾಂಡ ಬರುತ್ತದೆ, ಗುಂಡಿ ಹಾಕಿದಾಗ ಬಟ್ಟೆ ಅದರ ಸುತ್ತ ಸುಕ್ಕಾಗೋದಿಲ್ಲ.

ಇಸ್ತ್ರಿ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಕಾಲರ್ ಮಾತ್ರ ತುದಿಯಿಂದ ನಡುವಿಗೆ ಉಜ್ಜಿ. ನಡುವಿನಿಂದ ತುದಿಗೆ ಹೋದರೆ ಮಡಿಕೆಯೆಲ್ಲ ತುದಿಯಲ್ಲಿ ಬಂದು ಕೂತುಕೊಳ್ಳುತ್ತದೆ.

ಸದ್ಯ ಸೇಲ್‌ನಲ್ಲಿ ತಂದ ಒಂದು ಕಪ್ಪು ಫಾರ್ಮಲ್ ಪ್ಯಾಂಟ್ ಬಾಗಿಲ ಹಿಂದೆ ನೇತಾಡುತ್ತಿದೆ, ಸೊಂಟ ಬಿಗಿ. ಶರ್ಟ್ ಥರ ಅಲ್ಲ, ಇದರ ಹಿಂದಿನ ನಡು ಹೊಲಿಗೆ ಒಳಗೆ ತಿರುವಿ ನೋಡಿದೆ, ಒಂದೂಕಾಲು ಇಂಚು ಬಟ್ಟೆ ಇದೆ. ಭಾನುವಾರ ಪೇಟೆ ಕಡೆ ಹೋಗಬೇಕು.