ಮೂಲೆಯ ಲ್ಯಾಪ್‌ಟಾಪ್‌ಗೆ ವೈ-ಫೈ ಉಸ್ತುವಾರಿ

ಮೂರು ಮಹಡಿ ಮನೆ, ಮಹಡಿಗೊಂದು ವೈ-ಫೈ ಆಕ್ಸೆಸ್ ಪಾಯಿಂಟ್, ಅಂದರೆ ವೈ-ಫೈ ಸಿಗ್ನಲ್ ಹರಡುವ ಸಾಧನ. ಪಾಸ್‌ವರ್ಡ್ ಬದಲಿಸಲು ಮೂರಕ್ಕೂ ಬೇರೆ ಬೇರೆ ಲಾಗಿನ್ ಆಗೋದು ಯಾರಿಗೆ ಬೇಕು? ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್‌ಗೆ ಕಂಟ್ರೋಲರ್ ಎನ್ನುತ್ತಾರೆ. ಯೂಬಿಕ್ವಿಟಿ ಕಂಪನಿಯ ಯೂನಿಫೈ ಸಾಧನಗಳಿದ್ದರೆ ಅದಕ್ಕೆಂದೇ ಬರುವ ಪೆಟ್ಟಿಗೆ ಕೊಳ್ಳಲೇಬೇಕೆಂದಿಲ್ಲ. ಸಾಫ್ಟ್‌ವೇರ್ ಉಚಿತ, ಅಟ್ಟದ ಮೇಲಿನ ಹಳೇ ಲ್ಯಾಪ್‌ಟಾಪ್ ಸಾಕು. ಬ್ಯಾಟರಿಯಲ್ಲಿ ಇನ್ನೂ ಜೀವ ಇದ್ದರೆ, ಕರೆಂಟ್ ಹೋದಾಗ ಯುಪಿಎಸ್ಸೂ ಅದೇ.

ಹಳೇದು ಅಂದರೆ ಎಷ್ಟು ಹಳೇದು? ಯೂನಿಫೈ ತನ್ನ ಲೆಕ್ಕಪತ್ರವನ್ನೆಲ್ಲ ಮಾಂಗೊಡಿಬಿ ಎಂಬ ಡೇಟಾಬೇಸ್‌ನಲ್ಲಿ ಇಡುತ್ತದೆ. ಮಾಂಗೊಡಿಬಿ 5.0 ಮತ್ತು ಮುಂದಿನವಕ್ಕೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್ ಎಂಬ ಸೂಚನೆಗಳ ಗುಂಪು ಇರಲೇಬೇಕು. ಇಂಟೆಲ್ ಇದನ್ನು ಕೊಟ್ಟಿದ್ದು 2011ರಿಂದ. ಅಗ್ಗದ ಸೆಲೆರಾನ್‌ಗಳಲ್ಲಿ ಆಮೇಲೂ ಎಷ್ಟೋ ವರ್ಷ ಇರಲಿಲ್ಲ. ನಿಮ್ಮದರಲ್ಲೂ ಇಲ್ಲವಾದರೆ ಮಾಂಗೊಡಿಬಿ 4.4 ಹಾಕಿ. ರ‍್ಯಾಮ್ 4 ಜಿಬಿ ಇದ್ದರೆ ಆರಾಮ.

ಮೊದಲು ಉಬುಂಟು ಸರ್ವರ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿ. ಮುಚ್ಚಳ ಮುಚ್ಚಿದರೂ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ, ಇಲ್ಲದಿದ್ದರೆ ಕಂಟ್ರೋಲರೂ ಮಲಗುತ್ತದೆ. ವೈ-ಫೈ ಬೇಡ, ಕೇಬಲ್‌ನಲ್ಲೇ ಜೋಡಿಸಿ. ಆಮೇಲೆ ರೌಟರ್‌ಗೆ ಹೋಗಿ ಈ ಲ್ಯಾಪ್‌ಟಾಪ್‌ಗೆ ಒಂದು ಐಪಿ ವಿಳಾಸ ಕಾಯಂ ಮಾಡಿ. ಉದಾಹರಣೆಗೆ 192.168.1.10. ಈ ವಿಳಾಸ ಬದಲಾದರೆ ಆಕ್ಸೆಸ್ ಪಾಯಿಂಟ್‌ಗಳು ಯಜಮಾನನನ್ನು ಹುಡುಕುತ್ತಾ ಕೂರುತ್ತವೆ.

ಡಾಕರ್‌ನಲ್ಲಿ (ಪ್ರೋಗ್ರಾಮ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್) ಅಂಥ ಎರಡು ಡಬ್ಬಿ, ಅಂದರೆ ಕಂಟೇನರ್ ಓಡಿಸಿ: ಒಂದು ಯೂನಿಫೈಗೆ, ಇನ್ನೊಂದು ಮಾಂಗೊಡಿಬಿಗೆ. ಯೂನಿಫೈ ಕಂಟೇನರ್‌ನಿಂದ ಮನೆಯ ನೆಟ್‌ವರ್ಕ್‌ಗೆ ತೆರೆದಿಡಬೇಕಾದ ಪೋರ್ಟ್‌ಗಳು (ಮಾಹಿತಿ ಬಂದು ಹೋಗುವ ನಂಬರಿನ ಬಾಗಿಲುಗಳು) ಟಿಸಿಪಿ 8080 ಮತ್ತು 8443, ಯುಡಿಪಿ 3478 ಮತ್ತು 10001. ಬ್ರೌಸರ್‌ನಲ್ಲಿ 8443ಕ್ಕೆ ಹೋದಾಗ ಸರ್ಟಿಫಿಕೇಟ್ ಸರಿ ಇಲ್ಲ ಅಂತ ಹೆದರಿಸುತ್ತದೆ. ನಿಮ್ಮದೇ ಯಂತ್ರ ಅಲ್ವಾ, ಮುಂದೆ ಹೋಗಿ.

ಜಾಸ್ತಿ ಜನ ಎಡವುವುದು ಇಲ್ಲಿಂದ ಮುಂದೆ. ನಾನೂ ಎಡವಿದೆ. ಆಕ್ಸೆಸ್ ಪಾಯಿಂಟ್ ಪಟ್ಟಿಯಲ್ಲಿ ಕಂಡಿತು, ಬಿಳಿ ದೀಪ ಉರಿಯುತ್ತಿತ್ತು, ಅದನ್ನು ಕಂಟ್ರೋಲರ್‌ನ ಸುಪರ್ದಿಗೆ ತರುವ ಅಡಾಪ್ಟ್ ಬಟನ್ ಒತ್ತಿದೆ. ‘ಅಡಾಪ್ಟಿಂಗ್’ ಅಂತ ತಿರುಗುತ್ತಲೇ ಇತ್ತು. ಪಿನ್ನು ಚುಚ್ಚಿ ಮೂರು ಸಲ ರೀಸೆಟ್ ಮಾಡಿ ಒಂದು ಭಾನುವಾರ ಸುಮ್ನೆ ಕಳೆದೆ. ಕಾರಣ ಇಷ್ಟೇ: ಕಂಟ್ರೋಲರ್ ‘ನಾನು ಇಲ್ಲಿದ್ದೇನೆ’ ಅಂತ ಹೇಳಿದ್ದು ಡಾಕರ್ ಒಳಗಿನ 172ರಿಂದ ಶುರುವಾಗುವ ವಿಳಾಸ. ಆ ಬಾಗಿಲು ಹೊರಗಿನವರಿಗೆ ಕಾಣುವುದೇ ಇಲ್ಲ. ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ಇನ್ಫಾರ್ಮ್ ಹೋಸ್ಟ್ ಎಂಬ ಜಾಗ ಹುಡುಕಿ, ಓವರ್‌ರೈಡ್ ಆನ್ ಮಾಡಿ, ಲ್ಯಾಪ್‌ಟಾಪ್‌ನ ಕಾಯಂ ಐಪಿ ಬರೆಯಿರಿ. ನಾನು ಹೀಗೆ ಮಾಡಿದ ನಿಮಿಷದೊಳಗೆ ದೀಪ ನೀಲಿಯಾಯಿತು, ಅಂದರೆ ಅಡಾಪ್ಟ್ ಆಯಿತು. ಅದಕ್ಕೂ ಬಗ್ಗದಿದ್ದರೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದಲೇ ಸಾಧನಕ್ಕೆ ಲಾಗಿನ್ ಆಗಿ ಆಜ್ಞೆ ಕೊಡುವ ದಾರಿ) ಆಕ್ಸೆಸ್ ಪಾಯಿಂಟ್ ಒಳಗೇ ಹೋಗಿ ‘ಸೆಟ್-ಇನ್ಫಾರ್ಮ್’ ಆಜ್ಞೆಯಿಂದ ಅದೇ ವಿಳಾಸ, 8080 ಪೋರ್ಟ್ ತಿಳಿಸಿ.

ಲ್ಯಾಪ್‌ಟಾಪ್ ಕೆಟ್ಟರೆ ವೈ-ಫೈ ನಿಲ್ಲುತ್ತದಾ? ಇಲ್ಲ. ಆಕ್ಸೆಸ್ ಪಾಯಿಂಟ್‌ಗಳು ಹೇಳಿಕೊಟ್ಟ ಪಾಠದಂತೆ ಕೆಲಸ ಮಾಡುತ್ತಲೇ ಇರುತ್ತವೆ. ಅತಿಥಿಗಳ ಲಾಗಿನ್ ಪುಟ, ಬಳಕೆಯ ಗ್ರಾಫ್ ಮಾತ್ರ ನಿಲ್ಲುತ್ತವೆ.

ಮನೆಯಿಂದ ದೂರ ಇದ್ದಾಗಲೂ ನೋಡಬೇಕೆಂಬ ಆಸೆಗೆ 8443 ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ಸುರಂಗದಂತಿರುವ ವಿಪಿಎನ್ ಮೂಲಕ ಬನ್ನಿ.

ಕೊನೆಯ ಕೆಲಸ ಬ್ಯಾಕಪ್. ಆಟೊ ಬ್ಯಾಕಪ್ ಆನ್ ಮಾಡಿ, ಫೈಲನ್ನು ಪೆನ್ ಡ್ರೈವ್‌ಗೆ ಹಾಕಿಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಬಿಟ್ಟರೆ ಹಾರ್ಡ್ ಡಿಸ್ಕ್ ಹೋದ ದಿನ ಏಣಿ ಹಾಕಿ, ಚಾವಣಿಯಲ್ಲಿರುವ ಒಂದೊಂದಕ್ಕೂ ಮತ್ತೆ ಪಿನ್ನು ಚುಚ್ಚಬೇಕಾದೀತು.